ಹುಣಸೆಹಣ್ಣು ಹಚ್ಚಿ ಬೆಳಗಿದ ಚಾಕು

ನಾನು ಮದುವೆಯಾಗಿ ಅಜ್ಜಂಪುರದ ಹತ್ತಿರದ ಹಳ್ಳಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆ ಮನೆಯ ಅಡುಗೆಮನೆಯನ್ನು ನೆನೆದರೆ ಈಗಲೂ ಮೊದಲು ಕಣ್ಣಿಗೆ ಬರುವುದು ಸೂರಿನ ಗಾಜಿನ ಹೆಂಚಿನಿಂದ ಇಳಿಯುತ್ತಿದ್ದ ಬಿಸಿಲು. ಬೆಳಿಗ್ಗೆ ಗೋಡೆಯ ಮೇಲಿರುತ್ತಿದ್ದ ಆ ಬಿಸಿಲಿನ ತುಂಡು ಮೆಲ್ಲಗೆ ನೆಲಕ್ಕಿಳಿದು, ಮಧ್ಯಾಹ್ನದ ಹೊತ್ತಿಗೆ ನನ್ನ ಓರಗಿತ್ತಿಯ ಮಡಿಲಿಗೆ ಬರುತ್ತಿತ್ತು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕಂಬಕ್ಕೊರಗಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಒಲೆಯ ಹೊಗೆ ಬೆಳಕಿನಲ್ಲಿ ಸುರುಳಿಯಾಗಿ ಏಳುತ್ತಿತ್ತು. ದೂರದಲ್ಲೆಲ್ಲೋ ರೈಲು ಕೂಗುತ್ತಿತ್ತು. ನನಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಅಕ್ಕನ ಕೈಯಲ್ಲಿದ್ದ ಚಾಕು ಮಾತ್ರ ಸದ್ದಿಲ್ಲದೆ ಓಡಾಡುತ್ತಿತ್ತು.

ಕರಿ ಚಾಕು ಅದು. ಹಳೆಯ ಗರಗಸದ ತುಂಡನ್ನು ಬಡಿದು ಮಾಡಿಸಿದ್ದು, ಹಿಡಿ ಜಾಲಿ ಮರದ್ದು. ಅಕ್ಕನ ತಾಯಿ ವರ್ಷಗಟ್ಟಲೆ ಅದರಲ್ಲೇ ಹೆಚ್ಚಿದವರು. ಮಗಳಿಗೆ ಕಬ್ಬಿಣ ಕೊಡಬಾರದಲ್ಲ, ಅದಕ್ಕೇ ಅಕ್ಕ ಗಂಡನ ಮನೆಗೆ ಹೊರಟ ದಿನ ಗಾಡಿಯ ಹುಲ್ಲಿನಡಿ ಚಾಕು ಇಟ್ಟು, ತಮಗೇನೂ ಗೊತ್ತಿಲ್ಲದಂತೆ ಆಚೆ ನೋಡಿದರಂತೆ. ಅಕ್ಕ ತಾನೇ ಎತ್ತಿಕೊಂಡಳಂತೆ. ಮಾರನೆಯ ವರ್ಷ ಆ ತಾಯಿ ತೀರಿಕೊಂಡರು. ತಾಯಿಯ ಆ ಕಟ್ಟಳೆಯನ್ನು ಅಕ್ಕನೂ ಬಿಟ್ಟವಳಲ್ಲ. ನಾನು ಚಾಕು ಕೇಳಿದರೆ ಕೈಗೆ ಕೊಡದೆ ನೆಲದ ಮೇಲಿಟ್ಟು ನನ್ನ ಕಡೆ ಸರಿಸುತ್ತಿದ್ದಳು.

“ಕಬ್ಬಿಣ ಕೈಯಿಂದ ಕೈಗೆ ಕೊಟ್ರೆ ಜಗಳ ಬತ್ತೈತೆ ಕಣೇ. ನಂಗೂ ನಿಂಗೂ ಯಾಕೆ ಜಗಳ?” ಎನ್ನುತ್ತಿದ್ದಳು.

ನನ್ನ ತವರು ತರೀಕೆರೆ. ನಮ್ಮಮ್ಮನಿಗೆ ಪಾತ್ರೆ ಬೆಳಗುವ ಹುಚ್ಚು. ಹಿತ್ತಾಳೆ ತಂಬಿಗೆಯಲ್ಲಿ ಮುಖ ಕಾಣದಿದ್ದರೆ ಅವಳಿಗೆ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಹುಚ್ಚು ನನಗೂ ಬಂದಿತ್ತು. ಅಕ್ಕನ ಕರಿ ಚಾಕು ಕಂಡಾಗಲೆಲ್ಲ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಹಿಡಿಯ ಬುಡದಲ್ಲಿ ಹುಣಸೆಬೀಜದಷ್ಟು ಕೆಂಪು ತುಕ್ಕು ಬೇರೆ ಹಿಡಿದಿತ್ತು. ಇಷ್ಟು ಒಳ್ಳೆಯ ಹೆಂಗಸು, ತಾಯಿಯ ಚಾಕನ್ನು ಹೀಗಾ ಇಟ್ಟುಕೊಳ್ಳುವುದು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಅಕ್ಕ ನೆಂಟರ ಮನೆಯ ಮದುವೆಗೆಂದು ಮೂರು ದಿನ ಕಡೂರಿಗೆ ಹೋದದ್ದೇ ತಡ, ನಾನು ಸೆರಗು ಸಿಕ್ಕಿಸಿದೆ. ಅವಳು ಬರುವಷ್ಟರಲ್ಲಿ ಚಾಕು ಬೆಳ್ಳಿಯ ಹಾಗಿರಬೇಕು, ನೋಡಿ ಅವಳ ಮುಖ ಅರಳಬೇಕು. ನನ್ನ ಆಸೆ ಅಷ್ಟೇ. ಬೆಳಗಿನಿಂದ ಸಂಜೆಯವರೆಗೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಆಮೇಲೆ ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಬುಡದ ತುಕ್ಕು ಹೋಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಪ್ಪು ಕರಗಿ ಕೆಳಗಿನ ಬಿಳುಪು ಕಂಡಿತಲ್ಲ, ಕೈ ನಿಲ್ಲಲಿಲ್ಲ. ಮುಗಿದಾಗ ಅಲಗಿನಲ್ಲಿ ನನ್ನ ಹಣೆಯ ಕುಂಕುಮ ಕಾಣುತ್ತಿತ್ತು. ತೊಳೆದು, ಬಂದವರಿಗೆಲ್ಲ ಕಾಣಲಿ ಎಂದು ಹಾಗೇ ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಚಾಕಿನ ತುಂಬ ಕೆಂಪು. ಮತ್ತೆ ಉಜ್ಜಿದೆ. ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಉಜ್ಜಿದಷ್ಟೂ ಬಂತು. ಅಕ್ಕ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ನನ್ನ ಬೆರಳೆಲ್ಲ ತುಕ್ಕಿನ ನೀರು.

ಅವಳು ಚಾಕನ್ನು ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಸವರಿದಳು.

“ಇದ್ರಾಗೆ ನಮ್ಮವ್ವನ ಕೈ ಇತ್ತು,” ಎಂದಳು. ಅಷ್ಟೇ.

ಆಮೇಲೆ ಅವಳು ಆ ಚಾಕು ಮುಟ್ಟಲಿಲ್ಲ. ಅದನ್ನು ಗೂಡಿನಲ್ಲಿಟ್ಟು ಈಳಿಗೆ ಮಣೆ ಎಳೆದುಕೊಂಡಳು. ನನ್ನ ಜೊತೆ ಮಾತೂ ಅಷ್ಟಕ್ಕಷ್ಟೇ ಆಯಿತು. ಉಪ್ಪು ಹಾಕು, ಹಾಲು ಇಳಿಸು, ಅಷ್ಟು ಬಿಟ್ಟರೆ ಇಲ್ಲ. ಸಿಟ್ಟು ಮಾಡಲಿಲ್ಲ, ಯಾರ ಮುಂದೆಯೂ ದೂರಲಿಲ್ಲ. ನಮ್ಮ ತವರಿನಲ್ಲಿ ಬಾವಿಕಟ್ಟೆಯ ಹತ್ತಿರ ಹತ್ತಿದ ಜಗಳ ಊಟದ ಹೊತ್ತಿಗೆ ಆರಿರುತ್ತಿತ್ತು. ಈ ಮೌನ ನನಗೆ ಅರಗಲಿಲ್ಲ. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತಾಯಿಯಿಲ್ಲದವಳಿಗೆ ಉಳಿದಿದ್ದ ತಾಯಿಯ ಗುರುತನ್ನು ತಿಕ್ಕಿ ತೆಗೆದುಬಿಟ್ಟೆನಲ್ಲ ಎಂದು ಹಿತ್ತಲಿಗೆ ಹೋಗಿ ಅತ್ತೆ.

ಸಂತೆಯ ದಿನ ಗಂಡನ ಜೊತೆ ಅಜ್ಜಂಪುರಕ್ಕೆ ಹೋದಾಗ ಚಾಕನ್ನು ಬಟ್ಟೆಯಲ್ಲಿ ಸುತ್ತಿ ಒಯ್ದೆ. ಕುಲುಮೆಯ ಮುದುಕ ಅದನ್ನು ತಿರುಗಿಸಿ ನೋಡಿ ನಕ್ಕ.

“ಯಾರವ್ವಾ ಇದರ ಚರ್ಮ ಸುಲ್ದಿದ್ದು?”

“ನಾನೇ. ತುಕ್ಕು ತೆಗೆದೆ.”

“ತುಕ್ಕು ಕೆಂಪಗಿರ್ತೈತೆ, ಕಬ್ಬಿಣ ತಿಂತೈತೆ. ಕಪ್ಪಗಿದ್ದಿದ್ದು ಕರೆ, ಹೆಚ್ಚಿ ಹೆಚ್ಚಿ ಕೂತಿದ್ದು. ಅದು ತಿನ್ನಲ್ಲ, ಕಾಯ್ತೈತೆ. ಹುಣಸೆಹಣ್ಣು ಹಿತ್ತಾಳೆಗೆ ಕಣವ್ವಾ, ಕಬ್ಬಿಣಕ್ಕಲ್ಲ.”

ಅವನು ಬೂದಿಗೆ ಎಣ್ಣೆ ಕಲಸಿ ಕೆಂಪನ್ನೆಲ್ಲ ಒರೆಸಿ ತೆಗೆದ. ಕಲ್ಲಿನ ಮೇಲೆ ನಾಲ್ಕು ಸಲ ಮಸೆದ. ಕಪ್ಪು ಮತ್ತೆ ಬರುವ ದಾರಿಯನ್ನೂ ಹೇಳಿದ.

“ಬಾಳೆಕಾಯಿ ಹೆಚ್ಚು, ಬಾಳೆಹೂವು ಹೆಚ್ಚು. ಆದಮೇಲೆ ತೊಳ್ದು ಒಣ ಬಟ್ಟೇಲಿ ಒರ್ಸು, ಒಲೆ ಪಕ್ಕ ಬೆಚ್ಚಗಿಡು. ಎತ್ತಿಡಬೇಕಾದ್ರೆ ಒಂದು ತೊಟ್ಟು ಹರಳೆಣ್ಣೆ ಸವರು. ಒದ್ದೆ ಮಾತ್ರ ಬಿಡಬ್ಯಾಡ.”

“ಎಷ್ಟು ದಿನ ಬೇಕು?”

“ಅದನ್ನ ಕರ್ರಗೆ ಮಾಡ್ದವ್ರಿಗೆ ಎಷ್ಟು ದಿನ ಹಿಡೀತೋ ಅಷ್ಟು.”

ಮಾಡಿದ್ದುಣ್ಣೋ ಮಹರಾಯ. ನಾನು ಮಾಡಿದ್ದನ್ನು ಮನೆಯವರೆಲ್ಲ ಉಂಡರು. ತೆಂಗಿನ ತೋಟದ ಅಂಚಿನಲ್ಲಿದ್ದ ಬಾಳೆಗಿಡಗಳೆಲ್ಲ ನನ್ನ ಕೈಗೆ ಸಿಕ್ಕವು. ಒಂದು ದಿನ ಬಾಳೆಕಾಯಿ ಪಲ್ಯ, ಇನ್ನೊಂದು ದಿನ ಬಾಳೆಹೂವಿನ ವಡೆ, ಮತ್ತೆ ಬಾಳೆಕಾಯಿ ಸಾರು. ಭಾವ, ಅಂದರೆ ಅಕ್ಕನ ಗಂಡ, ತಟ್ಟೆ ನೋಡಿ, “ನಮ್ಮನ್ನೇನು ಕೋತಿ ಅಂದ್ಕಂಡೀಯೇನಮ್ಮಾ?” ಎಂದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಆದರೆ ಪಲ್ಯವನ್ನು ಇನ್ನೊಂದು ಸಲ ಹಾಕಿಸಿಕೊಂಡಳು.

ಆ ದಿನಗಳು ನನ್ನ ನೆನಪಿನಲ್ಲಿ ಒಂದೇ ಒಂದು ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ಬಿಸಿಲಿನ ತುಂಡು ಈಗ ನನ್ನ ಮಡಿಲಲ್ಲಿ. ಬಾಳೆಯ ಸೊನೆ ಅಲಗಿನ ಮೇಲೆ ಹರಿದಲ್ಲಿ ಮೊದಲು ತಿಳಿ ನೀಲಿ ಬಂತು. ಆಮೇಲೆ ನೇರಳೆ, ಆಮೇಲೆ ಮುಸ್ಸಂಜೆಯ ಕೆರೆಯ ನೀರಿನ ಬಣ್ಣ. ನಾನು ಹೆಚ್ಚುವುದನ್ನು ಮರೆತು ಅದನ್ನೇ ನೋಡುತ್ತ ಕೂರುತ್ತಿದ್ದೆ. ನಾನೆಂದೂ ಕಾಣದ ಆ ತಾಯಿ ಇದೇ ಬಣ್ಣಗಳನ್ನು ನೋಡುತ್ತ ಕೂತಿರಬಹುದೇ, ಅವರ ಅಡುಗೆಮನೆಗೂ ಗಾಜಿನ ಹೆಂಚು ಇತ್ತೇ ಎಂದು ಯೋಚಿಸುತ್ತಿದ್ದೆ. ಕೇಳಬೇಕಾದವಳು ಎದುರಿಗೇ ಅಕ್ಕಿ ಆರಿಸುತ್ತಿದ್ದಳು. ಕೇಳಲು ಧೈರ್ಯವಾಗುತ್ತಿರಲಿಲ್ಲ.

ಮೊದಲ ಹೆರಿಗೆಗೆ ನಾನು ತರೀಕೆರೆಗೆ ಹೋದೆ. ಕೂಸು ಎತ್ತಿಕೊಂಡು ತಿರುಗಿ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಚಾಕು ಕೆಂಪಾಗಿ ಕೂತಿರುತ್ತದೆ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ. ಗೂಡಿನಲ್ಲಿ ಕೈಹಾಕಿದರೆ ಬೆರಳಿಗೆ ಎಣ್ಣೆ ಅಂಟಿತು. ಚಾಕಿನಲ್ಲಿ ಒಂದು ಚುಕ್ಕೆ ತುಕ್ಕಿರಲಿಲ್ಲ. ಪಕ್ಕದಲ್ಲಿ ಹರಳೆಣ್ಣೆಯ ಪುಟ್ಟ ಬಟ್ಟಲಿತ್ತು, ನಾನು ಇಟ್ಟದ್ದಲ್ಲ. ತಿರುಗಿ ನೋಡಿದೆ. ಅಕ್ಕ ಕೂಸಿಗೆ ನೀರು ಕಾಯಿಸುತ್ತಿದ್ದಳು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಕೂಸನ್ನು ಮಲಗಿಸಿ ಅಡುಗೆಮನೆಗೆ ಬಂದೆ. ಅಕ್ಕ ಕಂಬಕ್ಕೊರಗಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಈಳಿಗೆ ಮಣೆ ಮೂಲೆಯಲ್ಲಿತ್ತು. ಅವಳ ಕೈಯಲ್ಲಿದ್ದದ್ದು ಆ ಚಾಕು. ಅದು ಮೊದಲಿನಷ್ಟು ಕಪ್ಪಾಗಿರಲಿಲ್ಲ, ಆದರೆ ಸದ್ದು ಮಾಡುತ್ತಿರಲಿಲ್ಲ. ನಾನು ಎದುರಿಗೆ ಕೂತೆ. ಉಳಿದ ಈರುಳ್ಳಿಯನ್ನು ನನ್ನ ಕಡೆ ತಳ್ಳಿದಳು. ಆಮೇಲೆ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಕನ್ನು ಕೈಗೇ ಚಾಚಿದಳು.

ನಾನು ಕೈ ಹಿಂದಕ್ಕೆಳೆದುಕೊಂಡೆ. “ಕೆಳಗಿಡು ಅಕ್ಕಾ. ಜಗಳ ಬರುತ್ತೆ.”

“ಬರ್ಲಿ ಬಿಡೇ,” ಎಂದಳು. “ಸುಮ್ನಿದ್ದು ಸುಮ್ನಿದ್ದು ಸಾಕಾಗೈತೆ ನಂಗೆ.”

ತೆಗೆದುಕೊಂಡೆ. ಹಿಡಿ ಅವಳ ಕೈಯ ಬಿಸಿಗೆ ಬೆಚ್ಚಗಿತ್ತು. ನಾನು ಸರಿಯಾಗಿ ಹಿಡಿದುಕೊಳ್ಳುವುದರೊಳಗೇ ಅವಳು ಶುರುಮಾಡಿದಳು.

“ಈಗ ಹೇಳು, ಯಾವ ಕತ್ತೆ ಹೇಳಿತ್ತೇ ನಿಂಗೆ ಕಬ್ಬಿಣಕ್ಕೆ ಹುಣಸೆಹಣ್ಣು ಹಾಕು ಅಂತ? ನನ್ನ ಒಂದು ಮಾತು ಕೇಳೋಕೆ ನಿನ್ನ ನಾಲಿಗೆ ಬಿದ್ದೋಗಿತ್ತಾ? ತರೀಕೆರೇಲಿ ಇದನ್ನೇನೇ ಕಲ್ಸಿದ್ದು?”

ಎಲ್ಲ ಬಂತು. ಕೂಡಿಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ನಾನೂ ಸುಮ್ಮನಿರಲಿಲ್ಲ, ನನ್ನ ತವರಿನ ಸುದ್ದಿಗೆ ಬಂದರೆ ನೋಡು ಎಂದೆ. ಇಬ್ಬರ ಕಣ್ಣಲ್ಲೂ ನೀರು, ಮುಂದೆ ಈರುಳ್ಳಿ ಇದ್ದದ್ದು ಅನುಕೂಲವಾಯಿತು. ಜಗಳದ ಸದ್ದಿಗೆ ಕೂಸು ಎದ್ದು ಅಳತೊಡಗಿತು. ಅಕ್ಕ ಬೈಯುತ್ತಲೇ ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದಳು, ಬೈಯುತ್ತಲೇ ಮತ್ತೆ ನನ್ನೆದುರಿಗೆ ಕೂತಳು.