ವಾಸನೆ ತೆಗೆಯುವಾಕೆ ಉಳಿಸಿ ಬಂದ ಶಾಲು

ಆಗಷ್ಟೇ ಬೆಳಕು ಹರಿಯುತ್ತಿದೆ. ಬೀದಿಯಲ್ಲಿ ಇನ್ನೂ ಗಾಡಿಗಳ ಓಡಾಟವಿಲ್ಲ. ಗೋಡೆಯೆಲ್ಲ ಮಸಿ ಹಿಡಿದ ಮನೆಯೊಂದರ ಬಾಗಿಲಲ್ಲಿ ನಾಲ್ವರು ಶಿಷ್ಯರನ್ನು ಸಾಲಾಗಿ ನಿಲ್ಲಿಸಿ, ಆಕೆ ಒಬ್ಬೊಬ್ಬರ ಅಂಗಿಯನ್ನೂ ಮೂಸಿ ನೋಡುತ್ತಾರೆ. ಒಬ್ಬಾತ ಸೆಂಟು ಹಾಕಿಕೊಂಡು ಬಂದಿದ್ದಾನೆ. "ಮದುವೆಗೆ ಹೊರಟಿದ್ದೀಯೇನಪ್ಪಾ? ಹೋಗು, ಅಂಗಿ ಬದಲಾಯಿಸ್ಕೊಂಡು ಬಾ." ಉಳಿದವರು ನಗುತ್ತಾರೆ, ಆಕೆ ನಗುವುದಿಲ್ಲ. ಈ ಕೆಲಸದಲ್ಲಿ ಮೊದಲ ಉಪಕರಣ ಮೂಗು. ಅದು ನಿಜ ಹೇಳುವುದು ಬೆಳಗಿನ ಖಾಲಿ ಹೊತ್ತಿನಲ್ಲಿ.

ಬೆಂಕಿ ಬಿದ್ದ, ನೀರು ನುಗ್ಗಿದ, ಸಾವಾದ ಮನೆಗಳಿಂದ ವಾಸನೆ ತೆಗೆಯುವುದನ್ನು ಶುಚಿ ಕೆಲಸಗಾರರಿಗೆ ಕಲಿಸುವುದು ಈಕೆಯ ಉದ್ಯೋಗ. ಎದುರಿಗೆ ಎಲ್ಲರಿಗೂ 'ಅಕ್ಕ', ಬೆನ್ನ ಹಿಂದೆ 'ಮೂಗಿನಕ್ಕ'. ಅದು ಆಕೆಗೂ ಗೊತ್ತು. ಅವರ ಒಂದು ದಿನದ ಕೆಲಸ ನೋಡಲು ನಾನು ಜೊತೆಗೆ ಬಂದಿದ್ದೇನೆ.

ಮೊದಲು ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಿದ್ದರು. ಅಲ್ಲಿಂದ ಈ ಕೆಲಸಕ್ಕೆ ಬಂದು, ಕಲಿತು, ಈಗ ಕಲಿಸುತ್ತಾರೆ. ಪಟ್ಟ ಪಾಡು ಕಡಿಮೆಯದಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. "ಮಗ ಬಾಗಿಲಲ್ಲೇ ತಡೀತಿದ್ದ, ಅಮ್ಮಾ ಮೊದ್ಲು ಸ್ನಾನ ಅಂತ. ಅವನದೇನು ತಪ್ಪು? ಬೇರೆಯವರ ಮನೆ ನಾತ ನನ್ನ ಕೂದಲಲ್ಲಿ ಕೂತಿರ್ತಿತ್ತು."

ಪಾಠ ಸರಳವಾಗಿದೆ. ನಾತದ ಮೂಲ ಹುಡುಕು, ಅದನ್ನು ಕಿತ್ತು ಹಾಕು, ಆಮೇಲೆ ತೊಳೆ. ವಾಸನೆ ಕೊಲ್ಲುವ ಯಂತ್ರ ಕಟ್ಟಕಡೆಗೆ. "ನಾತದ ಮೇಲೆ ಸುವಾಸನೆ ಹೊಡೆದ್ರೆ ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ" ಎನ್ನುತ್ತಾರೆ.

ಇಂದಿನ ಮನೆ ಒಬ್ಬ ಟೈಲರಮ್ಮನದು. ಹೊಲಿಗೆ ಕೋಣೆಯ ಸ್ವಿಚ್ ಬೋರ್ಡಿನಿಂದ ಹೊತ್ತಿದ ಬೆಂಕಿ ಬೇಗನೆ ಆರಿದೆ. ಹೊಗೆ ಮಾತ್ರ ಒಂದು ಕಪಾಟನ್ನೂ ಬಿಟ್ಟಿಲ್ಲ. ಕೆಲಸ ಶುರುವಾಗುವ ಮೊದಲು ಅಕ್ಕ ಆಕೆಯನ್ನು ಕೇಳುತ್ತಾರೆ: "ಅಮ್ಮಾ, ಈ ಮನೇಲಿ ಯಾವುದಾದ್ರೂ ವಾಸನೆ ಉಳೀಬೇಕಾ?"

ಟೈಲರಮ್ಮ ಒಳಗಿನಿಂದ ಒಂದು ಶಾಲು ತರುತ್ತಾರೆ. ಹೋದ ವರ್ಷ ತೀರಿಕೊಂಡ ತಾಯಿಯದು. ಒಮ್ಮೆಯೂ ಒಗೆದಿಲ್ಲ. "ಇದರಲ್ಲಿ ಹೊಗೆ ಮಾತ್ರ ತೆಗೀರಿ. ಅಮ್ಮನ್ನ ಬಿಡಿ."

"ಆಗುತ್ತಮ್ಮಾ, ಚಿಂತೆ ಬಿಡಿ" ಎಂದುಬಿಡುತ್ತಾನೆ ಸೆಂಟಿನ ಶಿಷ್ಯ.

"ಆಗಲ್ಲಮ್ಮಾ" ಎನ್ನುತ್ತಾರೆ ಅಕ್ಕ. "ಯಂತ್ರಕ್ಕೆ ಹೊಗೆ ಯಾವುದು, ನಿಮ್ಮಮ್ಮ ಯಾರು ಅಂತ ಗೊತ್ತಾಗಲ್ಲ. ತೆಗೆದ್ರೆ ಎರಡೂ ಹೋಗುತ್ತೆ. ಬಿಟ್ರೆ ಎರಡೂ ಇರುತ್ತೆ. ನೀವೇ ಹೇಳಿ."

ಟೈಲರಮ್ಮ ಶಾಲನ್ನು ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. ಅಕ್ಕ ಶಾಲನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಿಗಿಯಾಗಿ ಮುಚ್ಚಿ, ಆಕೆಯ ಕೈಗೇ ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಾರೆ. ಸುಟ್ಟ ಮರ, ಪರದೆ, ಹಾಸಿಗೆ ಹೊರಗೆ ಬರುತ್ತವೆ. ಗೋಡೆ, ಸೂರು ತೊಳೆದದ್ದಾಗುತ್ತದೆ. ಕೊನೆಗೆ ಬಾಗಿಲು ಹಾಕಿ ಓಝೋನ್ ಅನಿಲ ಬಿಡುವ ಆ ಯಂತ್ರ ಓಡಿಸುತ್ತಾರೆ. ಅದು ಓಡುವಾಗ ಮನುಷ್ಯರಿರಲಿ, ಕುಂಡದ ಗಿಡವೂ ಒಳಗಿರಬಾರದು.

ಕಾಯುತ್ತಾ ಮೆಟ್ಟಿಲ ಮೇಲೆ ಕೂತಾಗ, ಯಾವ ವಾಸನೆ ಉಳಿಯಬೇಕು ಎಂಬ ಆ ಪ್ರಶ್ನೆ ಪಾಠದಲ್ಲಿದೆಯೇ ಎಂದು ಅಕ್ಕನನ್ನು ಕೇಳುತ್ತೇನೆ. "ನಮ್ಮಮ್ಮ ಹೋದಾಗ ಅವರ ಕೋಣೆ ನಾನೇ ತೊಳೆದೆ. ಕೆಲಸ ಬರುತ್ತಲ್ಲ! ಸಂಜೆ ಹೊತ್ತಿಗೆ ಫಳಫಳ ಅಂತಿತ್ತು. ಒಳಗೆ ಹೋಗಿ ನಿಂತೆ. ಅಮ್ಮ ಎಲ್ಲೂ ಇರ್ಲಿಲ್ಲ."

ಯಂತ್ರ ನಿಂತು, ಕಿಟಕಿಗಳೆಲ್ಲ ತೆರೆದು, ಗಾಳಿಯಾಡಿದೆ. ಒಳಗೆ ಕೆಲಸ ಮಾಡಿದವರ ಮೂಗಿಗೆ ಎಲ್ಲವೂ ಒಗ್ಗಿಹೋಗಿರುತ್ತದೆ. ಹಾಗಾಗಿ ಕೊನೆಯ ಪರೀಕ್ಷೆ ಹೊರಗಿನಿಂದ ಬರುವ ಮನೆಯವರದು. ಟೈಲರಮ್ಮ ಕೋಣೆ ಕೋಣೆ ಸುತ್ತುತ್ತಾರೆ. ಎಲ್ಲೂ ಹೊಗೆಯಿಲ್ಲ. ಆಮೇಲೆ ನಡುಮನೆಯಲ್ಲಿ ನಿಂತು ಡಬ್ಬಿ ತೆರೆದು, ಶಾಲಿನಲ್ಲಿ ಮುಖ ಇಡುತ್ತಾರೆ. ಸೆಂಟಿನ ಶಿಷ್ಯ ನೆಲ ನೋಡುತ್ತಾನೆ.

"ಹೊಗೇನೇ ಜಾಸ್ತಿ" ಎನ್ನುತ್ತಾರೆ ಟೈಲರಮ್ಮ. ಮತ್ತೊಮ್ಮೆ ಮೂಸುತ್ತಾರೆ. ಕಣ್ಣು ತುಂಬಿ ಬರುತ್ತದೆ. "ಅದರ ಹಿಂದೆ ಇದ್ದಾರೆ. ಇರ್ಲಿ, ತೊಳೀಬೇಡಿ."

ಅಕ್ಕ ತಾವೇ ಡಬ್ಬಿಯ ಮುಚ್ಚಳ ಬಿಗಿಮಾಡಿ ಕೊಡುತ್ತಾರೆ.

ಹಿಂದಿರುಗುವಾಗ ಸುಮ್ಮನಿರಲಾರದೆ ಕೆಣಕುತ್ತೇನೆ: ಹೊಗೆ ವಾಸನೆ ಒಂದು ಕಡೆ ಉಳಿದೇಬಿಟ್ಟಿತಲ್ಲ, ಪರೀಕ್ಷೆಯಲ್ಲಿ ಇದು ಫೇಲೇ?

"ಫೇಲೇ" ಎಂದು ಆಕೆ ಇಡೀ ದಿನದಲ್ಲಿ ಮೊದಲ ಸಲ ನಗುತ್ತಾರೆ. "ನಾನು ತೆಗೆದಿದ್ದು ಯಾರಿಗೂ ನೆನಪಿರಲ್ಲ, ಇರಲೂಬಾರ್ದು. ಉಳಿಸಿ ಬಂದಿದ್ದು ಮಾತ್ರ ಅವರ ಹತ್ರ ಇರುತ್ತೆ."