ಹಳೆಯ ಕಂಪ್ಯೂಟರಿಗೆ ಎಣ್ಣೆ ಹಾಕಿದ ಟೇಪಕ್ಕ

ಟೇಪಕ್ಕನನ್ನು ನಾನು ಮೊದಲು ಕಂಡದ್ದು ಹಳೆಯ ಕಂಪ್ಯೂಟರುಗಳನ್ನು ಮಾರುವ ಅಂಗಡಿಯಲ್ಲಿ. ನನ್ನ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಮೇಲೇಳುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ಸರದಿಗಾಗಿ ಕಾಯುತ್ತಿದ್ದೆ. ಎದುರಿಗೆ ನಲವತ್ತು ದಾಟಿದ ಹೆಂಗಸೊಬ್ಬಳು ಕೊರಳಿನಿಂದ ಅಳತೆಯ ಟೇಪು ತೆಗೆದು, ನೆಲದ ಮೇಲಿದ್ದ ಕಪ್ಪು ಪೆಟ್ಟಿಗೆಯೊಂದರ ಎತ್ತರ, ಅಗಲಗಳನ್ನು ಅಳೆದು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದಳು.

"ಏನಕ್ಕಾ, ಇದಕ್ಕೂ ಅಂಗಿ ಹೊಲೀತೀರಾ?" ಎಂದ ಅಂಗಡಿಯವನು.

"ಹೊಲಿಗೆ ಮೇಜಿನ ಕೆಳಗೆ ಹಿಡಿಸುತ್ತಾ ನೋಡ್ಬೇಕಲ್ಲಪ್ಪಾ. ಮನೇಲಿ ಇರೋ ಜಾಗವೇ ಅಷ್ಟು."

ಆಕೆ ನಗಲಿಲ್ಲ. ಅಂಗಡಿಯವನು ಒಳಗೆ ಹೋದಾಗ ನನ್ನತ್ತ ತಿರುಗಿ, "ನೀವು ಶಾಲೆ ಮೇಷ್ಟ್ರಲ್ವಾ? ಒಂದು ಮಾತು ಕೇಳ್ಲಾ? ಇದರೊಳಗೆ ಹಾಕಿಟ್ಟ ಮಾತು ಎಷ್ಟು ವರ್ಷ ಇರುತ್ತೆ?" ಎಂದಳು.

"ಇದೊಂದು ದೊಡ್ಡ ಬೀರು ಇದ್ದ ಹಾಗಮ್ಮ. ಇಟ್ಟದ್ದು ಇಟ್ಟಲ್ಲೇ ಇರುತ್ತೆ," ಎಂದುಬಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಸ್ವಲ್ಪ ಕಡಿಮೆ. ಆ ಉತ್ತರಕ್ಕಾಗಿ ನಾನು ಮುಂದೆ ಬಹಳ ಪಶ್ಚಾತ್ತಾಪ ಪಡಬೇಕಾಯಿತು.

ಆಕೆಯ ತಂದೆಯೂ ದರ್ಜಿ. ಅವರ ಗಂಟಲಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಮಾತು ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಉಳಿದದ್ದು ಮೂರು ವಾರ. ಆ ಮೂರು ವಾರದಲ್ಲಿ ಟೇಪಕ್ಕ, ತಾನು ಚಿಕ್ಕವಳಿದ್ದಾಗ ಅಪ್ಪ ಹೊಲಿಗೆಯಂತ್ರ ತುಳಿಯುತ್ತಾ ಹೇಳುತ್ತಿದ್ದ ಕತೆಗಳನ್ನೆಲ್ಲ ಮತ್ತೆ ಹೇಳಿಸಿದಳು. ಮೊಬೈಲಿನಲ್ಲಿ ಹಿಡಿದು ಆ ಹಳೆಯ ಪೆಟ್ಟಿಗೆಯೊಳಗೆ ಇಳಿಸಿದಳು. ಬೀರುವಿನಲ್ಲಿ ಇಟ್ಟಾಯಿತಲ್ಲ ಎಂದು ಮೊಬೈಲಿನಲ್ಲಿದ್ದುದನ್ನು ಅಳಿಸಿಬಿಟ್ಟಳು. ಚಿತ್ರ ತೆಗೆಯಲು ಅದರಲ್ಲಿ ಜಾಗ ಬೇಕಾಗಿತ್ತು.

ಚಿತ್ರವೆಂದರೆ ಬಟ್ಟೆಚೂರುಗಳ ಚಿತ್ರ. ಕತೆಗಳಲ್ಲೆಲ್ಲ ಆಕೆಗೆ ಇಷ್ಟವಾದದ್ದು ಮೋಡಕ್ಕೆ ಅಂಗಿ ಹೊಲಿಯಲು ಹೊರಟ ದರ್ಜಿಯ ಕತೆ. ದರ್ಜಿ ಅಳತೆ ತೆಗೆದುಕೊಂಡು ಹೋಗಿ ಅಂಗಿ ಹೊಲಿದು ತರುವಷ್ಟರಲ್ಲಿ ಮೋಡ ದಪ್ಪವಾಗಿರುತ್ತದೆ, ಇಲ್ಲವೆ ಎರಡಾಗಿರುತ್ತದೆ. ಟೇಪಕ್ಕ ದರ್ಜಿಯನ್ನೂ ಮೋಡವನ್ನೂ ಚೂರುಬಟ್ಟೆಯಲ್ಲಿ ಕತ್ತರಿಸಿ, ಮೇಜಿನ ಮೇಲೆ ಹರಡಿ, ಒಂದು ಚಿತ್ರ ತೆಗೆಯುವಳು. ಮೋಡವನ್ನು ನೂಲಿನಷ್ಟು ಸರಿಸಿ ಇನ್ನೊಂದು ತೆಗೆಯುವಳು. ಅವನ್ನೂ ಪೆಟ್ಟಿಗೆಗೆ ಇಳಿಸಿ ಮೊಬೈಲಿನಿಂದ ಅಳಿಸುವಳು. ಕಂಪ್ಯೂಟರು ಅವನ್ನೆಲ್ಲ ಸಾಲಾಗಿ ಓಡಿಸಿದಾಗ ಮೋಡ ತೇಲುತ್ತಿತ್ತು, ಹಿಂದೆ ಅಪ್ಪನ ದನಿ ಕತೆ ಹೇಳುತ್ತಿತ್ತು.

ಆ ವೇಳೆಗೆ ಅಪ್ಪನ ಮಾತು ನಿಂತಿತ್ತು. ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನದಿಂದ ಮೇಜನ್ನು ತಟ್ಟುವುದೇ ಅವರ ಭಾಷೆ. ಒಂದು ಸಲ ತಟ್ಟಿದರೆ 'ಹೌದು', ಎರಡು ಸಲ ತಟ್ಟಿದರೆ 'ಏನು?'.

ಪೆಟ್ಟಿಗೆ ಮುದಿಯಾಗಿತ್ತು. ನೂರು ಚಿತ್ರ ಓಡಿಸುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಂಗಡಿಯವನು ಮನೆಗೆ ಬಂದು ಮೆಮೊರಿ ಹೆಚ್ಚಿಸಿದ. ಹೊರಡುವಾಗ, "ಅಕ್ಕಾ, ಡಿಸ್ಕೂ ಹಳೇದು. ನಂಗೆ ಕೊಡಿ, ಒಂದೇ ದಿನ, ಹೊಸದಕ್ಕೆ ಎಲ್ಲಾ ಇಳಿಸಿ ಕೊಡ್ತೀನಿ," ಎಂದ.

"ಬೇಡಪ್ಪಾ. ಅದರಲ್ಲಿ ಅಪ್ಪನ ಮಾತಿದೆ. ಬಿಚ್ಚಿದಾಗ ಎಲ್ಲಾದ್ರೂ ಚೆಲ್ಲಿಹೋದ್ರೆ?"

"ಚೆಲ್ಲೋಕೆ ಅದೇನು ಹಾಲಾ ಅಕ್ಕಾ?"

ಆಕೆ ಒಪ್ಪಲಿಲ್ಲ. ಹೆದರಿಕೆಯೇ ಹೆದರಿದ್ದನ್ನು ಕರೆತಂದಿತು.

ಕೆಲವು ತಿಂಗಳಲ್ಲಿ ಪೆಟ್ಟಿಗೆ ಗೊರಗುಟ್ಟತೊಡಗಿತು. ಸದ್ದು ಮಾಡುವ ಯಂತ್ರಕ್ಕೆ ಏನು ಬೇಕೆಂಬುದು ಮೂವತ್ತು ವರ್ಷ ಹೊಲಿಗೆಯಂತ್ರ ತುಳಿದವಳಿಗೆ ಹೇಳಿಕೊಡಬೇಕೆ? ತಾನೇ ಮುಚ್ಚಳ ಬಿಚ್ಚಿ, ಫ್ಯಾನಿನ ನಡುವೆ ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಬಿಟ್ಟಳು. ಆ ಸದ್ದು ನಿಂತೇಹೋಯಿತು. ಅನಾಹುತವಾದದ್ದು ಅಲ್ಲಿಯೇ, ಏಕೆಂದರೆ ಆಮೇಲೆ ಒಳಗಿನಿಂದ 'ಟಿಕ್, ಟಿಕ್' ಎಂಬ ಬೇರೊಂದು ಸದ್ದು ಶುರುವಾದಾಗಲೂ ಆಕೆ ಎಣ್ಣೆಯನ್ನೇ ನಂಬಿದಳು. ಪ್ರತಿ ಶನಿವಾರ ಒಂದು ಹನಿ. ಸದ್ದು ಹೆಚ್ಚಾದಂತೆ ಎರಡು ಹನಿ.

ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಬಂದು ನಿಂತಳು. ಕಾಲಲ್ಲಿ ಚಪ್ಪಲಿಯಿಲ್ಲ, ಕೊರಳಲ್ಲಿ ಟೇಪಿದೆ.

"ಮೇಷ್ಟ್ರೇ, ಅಪ್ಪ..." ಎಂದು ನಿಲ್ಲಿಸಿದಳು. ನಾನು ಆಗಲೇ ಅಂಗಿಗೆ ಕೈ ಚಾಚಿದ್ದೆ.

"ಅಪ್ಪ ಚೆನ್ನಾಗಿದ್ದಾರೆ. ಗುಂಡಿ ಹಚ್ತಾ ಕೂತಿದ್ದಾರೆ. ಪೆಟ್ಟಿಗೆ ಏಳ್ತಿಲ್ಲ. ಕಪ್ಪಗೆ ಬರುತ್ತೆ, ಬಿಳೀ ಅಕ್ಷರ ಬರುತ್ತೆ, ಮತ್ತೆ ಕಪ್ಪಗಾಗುತ್ತೆ. ಅಪ್ಪನಿಗೆ ಹೇಳಿಲ್ಲ. ನೀವು ಜೊತೆಗೆ ಬನ್ನಿ."

ಪೆಟ್ಟಿಗೆಯನ್ನು ಅರ್ಧ ಹೊಲಿದ ಲಂಗದ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕುಳಿತಳು. ಒಂದೊಂದು ಹಳ್ಳ ಬಂದಾಗಲೂ ತನ್ನ ಮೈಯನ್ನೇ ಎತ್ತಿ ಅದಕ್ಕೆ ಪೆಟ್ಟು ತಾಗದಂತೆ ಹಿಡಿಯುತ್ತಿದ್ದಳು. 'ದೊಡ್ಡ ಬೀರು' ಎಂದಿದ್ದ ನಾನು ಪೆಟ್ಟಿಗೆಯ ಇನ್ನೊಂದು ಅಂಚನ್ನು ಹಿಡಿದುಕೊಂಡಿದ್ದೆ.

ಅಂಗಡಿಯವನು ಮುಚ್ಚಳ ತೆಗೆದ. ಎಣ್ಣೆಗೆ ಅಂಟಿದ ಬಟ್ಟೆಯ ಜುಂಗು, ದೂಳು ಎಲ್ಲ ಸೇರಿ ಫ್ಯಾನು ಕಂಬಳಿ ಹೊದ್ದಂತಿತ್ತು.

"ಇದೇನಕ್ಕಾ, ಒಗ್ಗರಣೆ ಹಾಕಿದ್ದೀರಾ?"

"ಸದ್ದು ಮಾಡ್ತಿತ್ತಪ್ಪಾ."

ಅವನು ಕಿವಿಯಿಟ್ಟು ಕೇಳಿದ. ಮುಖದ ಮೇಲಿನ ನಗೆ ಇಳಿದುಹೋಯಿತು. "ಇದು ಫ್ಯಾನಲ್ಲ. ಡಿಸ್ಕು. ಒಳಗೆ ತಟ್ಟೆ ತಿರುಗುತ್ತೆ, ಅದರ ಮೇಲೆ ಸೂಜಿಯಂಥದ್ದು ಓಡಾಡಿ ಓದುತ್ತೆ. ಆ ಸೂಜಿ ದಾರಿ ತಪ್ಪಿ ಬಡ್ಕೊಳ್ತಿದೆ."

"ಸೂಜಿ ಕೆಟ್ಟರೆ ಬಟ್ಟೆ ಹರಿಯುತ್ತೆ," ಎಂದಳು ಟೇಪಕ್ಕ, ಮೆಲ್ಲಗೆ.

"ಅದೇ ಅಕ್ಕಾ. ಓಡಿದಷ್ಟೂ ಹರಿಯುತ್ತೆ. ಇನ್ನೊಂದು ಸಲ ಎಬ್ಬಿಸಿ ನೋಡ್ತೀನಿ. ಎಷ್ಟು ಹೊತ್ತು ಎದ್ದಿರುತ್ತೋ ಹೇಳೋಕಾಗಲ್ಲ. ಮೊದಲು ಯಾವುದು ಬೇಕು? ಒಂದು ಹೇಳಿ."

ಅದರೊಳಗಿದ್ದುದು ಎರಡೇ ಗಂಟು. ಒಂದಕ್ಕೆ 'ಅಪ್ಪ' ಎಂದು ಹೆಸರು, ಇನ್ನೊಂದಕ್ಕೆ 'ಮೋಡ'. ಮೋಡದಲ್ಲಿ ಹನ್ನೊಂದು ತಿಂಗಳ ಕೆಲಸವಿತ್ತು, ನೂಲು ನೂಲಾಗಿ ಸರಿಸಿದ ಒಂಬತ್ತು ಸಾವಿರ ಚಿತ್ರಗಳು. ಆಕೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಒಂದು ಗಳಿಗೆ ನಿಂತಳು.

"ಅಪ್ಪ," ಎಂದಳು.

ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಪರೀಕ್ಷೆಯ ಕೋಣೆಯಲ್ಲಿ ಎಷ್ಟೋ ಮಕ್ಕಳ ಹೆದರಿದ ಮುಖಗಳನ್ನು ನಾನು ಕಂಡಿದ್ದೇನೆ. ಆ ದಿನದ ಹೆದರಿಕೆಗೆ ಅವು ಯಾವುವೂ ಸಾಟಿಯಲ್ಲ. ಅರ್ಧ ದಾಟಿತು. ಟಿಕ್. ಮುಕ್ಕಾಲು ದಾಟಿತು. ಟಿಕ್, ಟಿಕ್. ಗೆರೆ ನಿಂತಿತು. ಅಂಗಡಿಯವನು ಮಾತನಾಡಬೇಡಿರೆಂದು ಕೈಯೆತ್ತಿದ. ಯಾರೂ ಮಾತನಾಡುತ್ತಿರಲಿಲ್ಲ. ಟೇಪಕ್ಕ ಕಣ್ಣು ಮುಚ್ಚಿದ್ದಳು. ನಾನು ನನಗರಿಯದೆ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಹದಿನೇಳರ ಮಗ್ಗಿ ಮುಗಿದು ಹದಿನೆಂಟಕ್ಕೆ ಬಂದಾಗ ಗೆರೆ ಅಲುಗಿತು. ಒಂದಿಷ್ಟು ಹೋಗಿ ಮತ್ತೆ ತಡೆಯಿತು. ಆಮೇಲೆ ಒಮ್ಮೆಗೇ ಕೊನೆ ಮುಟ್ಟಿತು.

"ಬಂತು," ಎಂದ ಅಂಗಡಿಯವನು, ಹಣೆಯೊರಸಿಕೊಂಡು. "ಈಗ ಮೋಡ ನೋಡೋಣ."

ಮೋಡದಲ್ಲಿ ಮೂರರಲ್ಲೊಂದು ಪಾಲು ಬಂದಿರಬಹುದು. ಡಿಸ್ಕು ಒಮ್ಮೆ ಕಿರ್ರೆಂದು ಸುಮ್ಮನಾಯಿತು. ಮತ್ತೆ ಏಳಲಿಲ್ಲ.

ಹೊಸ ಡಿಸ್ಕು ಹಾಕಿಸಿಕೊಂಡು ಮನೆಗೆ ಬಂದಾಗ ಅಪ್ಪ ಯಂತ್ರದ ಮುಂದೆ ಕುಳಿತಿದ್ದರು. ನಮ್ಮ ಮುಖ ನೋಡಿ ಅಂಗುಸ್ತಾನದಿಂದ ಎರಡು ಸಲ ತಟ್ಟಿದರು. ಟೇಪಕ್ಕ ಉತ್ತರ ಕೊಡದೆ ಪೆಟ್ಟಿಗೆಯನ್ನು ಜೋಡಿಸಿ ಗುಂಡಿ ಒತ್ತಿದಳು. ಸರಿಯಾಗಿ ಬಂದಿದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಮೊದಲು ಬರಿಯ ಗುರುಗುರು. ಆಕೆ ಟೇಪಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಅದು ಅಂದು ಕತೆ ಹಿಡಿಯುವಾಗ ಹಿನ್ನೆಲೆಯಲ್ಲಿ ಓಡುತ್ತಿದ್ದ ಹೊಲಿಗೆಯಂತ್ರದ ಸದ್ದು. ಅದರ ಮೇಲೆ ದನಿ ಎದ್ದಿತು: "ಒಂದೂರಲ್ಲಿ ಒಬ್ಬ ದರ್ಜಿ ಇದ್ನಂತೆ ಕಣೇ. ಎಂಥಾ ಸೊಟ್ಟ ಮೈಗೂ ಅಂಗಿ ಹೊಲೀತೀನಿ ಅಂತ ಜಂಭ ಅವ್ನಿಗೆ..."

ತುಳಿಯುತ್ತಿದ್ದ ಅಪ್ಪನ ಕಾಲು ನಿಂತಿತು. ಕತೆ ಮುಗಿಯುವವರೆಗೂ ಅವರು ಅಲುಗಾಡಲಿಲ್ಲ. ಆಮೇಲೆ ಮಗಳು ಎಲ್ಲವನ್ನೂ ಒಪ್ಪಿಸಿದಳು. ಎಣ್ಣೆಯ ವಿಷಯವನ್ನೂ ಬಿಡಲಿಲ್ಲ. ಅವರು ಒಂದು ಸಲ ತಟ್ಟಿದರು. ಎದ್ದು, ಎಣ್ಣೆಯ ಡಬ್ಬಿಯನ್ನು ತೆಗೆದು ತಮ್ಮ ಡ್ರಾಯರಿನೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿದರು.

ಈಗ ಟೇಪಕ್ಕ ಮೋಡದ ಕಳೆದುಹೋದ ಪಾಲನ್ನು ಮತ್ತೆ ನೂಲು ನೂಲಾಗಿ ಸರಿಸುತ್ತಿದ್ದಾಳೆ. ಹಳೆಯ ಬಿಳಿಯ ಚೂರು ಸಿಕ್ಕಲಿಲ್ಲವಾಗಿ ಉಳಿದುಬಂದ ಮೂರರಲ್ಲೊಂದು ಪಾಲು ಮುಗಿದ ಮೇಲೆ ಮೋಡ ತುಸು ನೀಲಿಗೆ ತಿರುಗುತ್ತದೆ. ಅಪ್ಪನ ಮಾತಿನ ಪ್ರತಿಗಳು ನಾಲ್ಕು ಮನೆಗಳಲ್ಲಿವೆ. ಒಂದು, ಬೆರಳುದ್ದದ ಪೆನ್‌ಡ್ರೈವಿನಲ್ಲಿ, ನನ್ನ ಕನ್ನಡಕದ ಡಬ್ಬಿಯಲ್ಲಿದೆ. ತಿಂಗಳ ಮೊದಲ ಶನಿವಾರ ಆಕೆ ನಾಲ್ಕೂ ಮನೆಗಳಿಗೆ ಹೋಗಿ ಒಂದೊಂದನ್ನೂ ಹಾಕಿ ಕೇಳುತ್ತಾಳೆ. ಇಂದು ಬೆಳಿಗ್ಗೆ ನಮ್ಮಲ್ಲಿಗೆ ಬಂದಿದ್ದಳು. ಮೊದಲಿನ ಆ ಗುರುಗುರು ಮುಗಿಯುವವರೆಗೆ, ಎಂದಿನಂತೆ, ಟೇಪಿನ ತುದಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡೇ ಇತ್ತು.