ನಾಲ್ಕು ಸೇರು ಹಾಲಿನ ಲೆಕ್ಕ

ಇವತ್ತು ಬೆಳಿಗ್ಗೆ ನಮ್ಮ ಬಂಗಾರಪೇಟೆಯ ಗಣಿತದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಒಗಟು ಹಾಕಿದ್ದರು. ಮೂರು ಲೀಟರಿನದೊಂದು, ಐದು ಲೀಟರಿನದೊಂದು, ಈ ಎರಡೇ ಪಾತ್ರೆಗಳಲ್ಲಿ ಸರಿಯಾಗಿ ನಾಲ್ಕು ಲೀಟರ್ ಹಾಲು ಅಳೆಯಬೇಕು. ಇಂಜಿನಿಯರುಗಳು ತಲೆ ಕೆರೆದುಕೊಳ್ಳುವಷ್ಟರಲ್ಲಿ ಈ ಹಳ್ಳಿ ಮಾವ, ಅಂದರೆ ನಾನು, ಉತ್ತರ ಬರೆದಾಗಿತ್ತು!

ನಾನು ಚಿಕ್ಕವನಿದ್ದಾಗ ಇದೇ ಲೆಕ್ಕವನ್ನು ಸೇರಿನಲ್ಲಿ ಕೇಳಿದವನು ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮಪ್ಪ. ಒಂದು ಭಾನುವಾರ ಊರಿಗೆ ಬಂದವನು ನನಗೂ ಅಕ್ಕನಿಗೂ ಲೆಕ್ಕ ಹಾಕಿ, "ಬಿಡಿಸ್ದೋರು ಇಸ್ಕೂಲಿಗೆ, ಇನ್ನೊಬ್ರು ಅಸುಗಳ ಇಂದೆ" ಅಂದ.

ಅಕ್ಕ ತೊಟ್ಟಿಯ ಹತ್ತಿರ ಕೂತು ನೀರಿನಲ್ಲಿ ಮಾಡಿ ನೋಡಿದಳು. ಚಿಕ್ಕದನ್ನು ಎರಡು ಸಲ ತುಂಬಿ ದೊಡ್ಡದಕ್ಕೆ ಸುರಿದಾಗ ಚಿಕ್ಕದರಲ್ಲಿ ಒಂದು ಸೇರು ಉಳಿಯಿತು. ದೊಡ್ಡದನ್ನು ಬರಿದು ಮಾಡಿ ಆ ಒಂದನ್ನು ಹಾಕಿ, ಮೇಲೆ ಮತ್ತೆ ಮೂರು ಸುರಿದಳು. "ಬಂತು ಕಣ್ಲಾ ನಾಲ್ಕು!" ಎಂದು ಕುಣಿದಳು. ಅವಳು ಲಂಗಕ್ಕೆ ಕೈ ಒರೆಸಿಕೊಳ್ಳುವಷ್ಟರಲ್ಲಿ ನಾನು ಓಡಿಹೋಗಿ ಅಪ್ಪನಿಗೆ ಹೇಳಿಬಿಟ್ಟೆ.

"ನೀನೇ ಬಿಡಿಸ್ದೇನ್ಲಾ?"

"ಊಂ ಅಪ್ಪಾ, ನಾನೇ."

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನೇ ನೋಡಿದಳು. ನಾನು ಎದೆಯುಬ್ಬಿಸಿಕೊಂಡು ನಿಂತೇ ಇದ್ದೆ. ಮಾರನೆಯ ದಿನ ನನಗೆ ಸ್ಲೇಟು ಬಂತು, ಅವಳು ಹಸು ಹೊಡೆದುಕೊಂಡು ಹೋದಳು.

ಗುಂಪಿನಲ್ಲಿ ಹೊಗಳಿಕೆ ಇನ್ನೂ ಬರುತ್ತಿದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ, "ಏನಂತ ಬರ್ದವ್ರೆ? ಓದ್ಲಾ, ಕೇಳ್ತೀನಿ" ಅಂದಳು. ಓದಿದೆ.

"ನನ್ ಮಗ ಬಿಡಿಸ್ದ ಅಂತ ಅಪ್ಪ ಸಾಯೋಗಂಟ ಎಲ್ರಿಗೂ ಏಳ್ಕಂಡ್ ತಿರುಗ್ತಿದ್ದ" ಎಂದು ನಕ್ಕಳು. "ನಾನೂ ನನ್ ತಮ್ಮನೇ ಬಿಡಿಸ್ದ ಅಂತ್ಲೇ ಏಳ್ತಿದ್ದೆ."